ಮರಿಯಮ್ಮನ ಸೀರೆಗೆ ಒಂದು ದೀರ್ಘ

ರೇಷ್ಮೆಗೆ ಬಿದ್ದ ಮೇಣವನ್ನು ಉಗುರಿನಿಂದ ಕೆರೆಯಬಾರದು. ಕಲೆಯ ಕೆಳಗೊಂದು, ಮೇಲೊಂದು ಖಾಲಿ ಹಾಳೆ ಇಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಆಡಿಸಬೇಕು. ಮೇಣ ತಾನಾಗಿ ಕರಗಿ ಹಾಳೆಗೆ ಹತ್ತಿಕೊಳ್ಳುತ್ತದೆ. ಚಳ್ಳಕೆರೆಯ ನನ್ನ ಬ್ಲೌಸ್ ಅಂಗಡಿಯಲ್ಲಿ ಮೊನ್ನೆ ಅದನ್ನೇ ಮಾಡುತ್ತಿದ್ದೆ. ಎದುರಿಗಿದ್ದದ್ದು ಮಾತೆ ಮರಿಯಮ್ಮನ ಮೂರಡಿಯ ವಿಗ್ರಹಕ್ಕೆ ಉಡಿಸುವ ಪುಟ್ಟ ನೀಲಿ ಸೀರೆ. ಬಿಸಿ ತಾಗಿದ ಕೂಡಲೇ ಮೇಣದ ವಾಸನೆ ಎದ್ದಿತು. ಅದರ ಹಿಂದೆಯೇ ನುಸಿಗುಳಿಗೆಯ ವಾಸನೆ, ಒಣಗಿದ ಸೇವಂತಿಗೆಯ ವಾಸನೆ... ಟೀಚರಮ್ಮನೇ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು. ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಬಾಗಿಲ ಕಡೆ ನೋಡಿಯೂಬಿಟ್ಟೆ.

ಟೀಚರಮ್ಮ ಈ ಬೇಸಿಗೆಯಲ್ಲಿ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ಆ ದಿನ ಬೇಕೆಂದೇ ಅಂಗಡಿ ತೆಗೆದು ಮಷಿನ್ನು ತುಳಿಯುತ್ತಾ ಕೂತಿದ್ದೆ. ಅವರ ಮೇಲೆ ನನಗೆ ಇಪ್ಪತ್ತೈದು ವರ್ಷದ ಸಿಟ್ಟಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಹಾಗೆನ್ನುವವರ ಅಪ್ಪನನ್ನು ಯಾರೂ ನಾಲ್ಕು ಜನರ ಮುಂದೆ ನಿಲ್ಲಿಸಿ ಓದಿಸಿರಲಿಕ್ಕಿಲ್ಲ. ‘ಅವಳು’, ‘ಬಂದಳು’, ‘ಸತ್ತಳು’ ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ಆದರೆ ಚಿಕ್ಕಂದಿನಲ್ಲಿ ಮೇಷ್ಟರಿಗಾಗಲಿ ಟೀಚರಿಗಾಗಲಿ ಏಕವಚನ ಹಚ್ಚಿದರೆ ಅಪ್ಪ ಬಾಯಿಗೆ ಬಡಿಯುತ್ತಿದ್ದ. ಆ ಪೆಟ್ಟಿನ ನೆನಪು ಈ ಸಿಟ್ಟಿಗಿಂತ ಹಳೆಯದು, ಹಾಗಾಗಿ ಬಹುವಚನವೇ ಇರಲಿ. ಏಕವಚನ ಅಪ್ಪನಿಗೆ. ಅದು ಪ್ರೀತಿಯದು.

ಅಪ್ಪ ಮೊಳಕಾಲ್ಮೂರಿನಲ್ಲಿ ನೇಕಾರನಾಗಿದ್ದ. ನಡುಮನೆಯಲ್ಲಿ ಕುಣಿಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕಷ್ಟೇ ಏಳುತ್ತಿದ್ದ. ಮನೆಯಲ್ಲಿ ನಮ್ಮ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಪ್ಪ ಓದಿದ್ದು ಗಡಿಯಾಚೆ, ತನ್ನ ಅಜ್ಜಿಯ ಊರಿನ ತೆಲುಗು ಶಾಲೆಯಲ್ಲಿ, ಮೂರನೇ ಕ್ಲಾಸಿನವರೆಗೆ. ಕನ್ನಡ ಅಕ್ಷರಗಳನ್ನು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿ ತಾನೇ ಕೂಡಿಸಿಕೊಂಡಿದ್ದ. ಓದುವಾಗ ತುಟಿ ಅಲ್ಲಾಡುತ್ತಿತ್ತು, ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ತನಗೂ ಓದಲು ಬರುತ್ತದೆ ಎಂಬ ಹೆಮ್ಮೆ ಮಾತ್ರ ಯಾವ ಪಂಡಿತನಿಗೂ ಕಡಿಮೆಯದಲ್ಲ.

ಟೀಚರಮ್ಮ ಚಳ್ಳಕೆರೆಯಲ್ಲಿ ಕನ್ನಡ ಟೀಚರು. ಕ್ಯಾಥೋಲಿಕ್ ಮನೆತನ, ಮದುವೆಯಾಗಿರಲಿಲ್ಲ. ಸೆಪ್ಟೆಂಬರ್ ಎಂಟನೇ ತಾರೀಕು ಅವರು ನಡೆದುಕೊಳ್ಳುವ ಮಾತೆ ಮರಿಯಮ್ಮ ಹುಟ್ಟಿದ ದಿನ. ಊರಿನಲ್ಲಿದ್ದ ಕೆಲವೇ ಕ್ರೈಸ್ತ ಮನೆಗಳವರು ಅದಕ್ಕೆ ಮುಂಚಿನ ಒಂಬತ್ತು ದಿನ ಟೀಚರಮ್ಮನ ಮನೆಯ ಹಜಾರದಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ವಿಗ್ರಹ ಅವರದೇ, ಹಬ್ಬವೂ ಹೆಚ್ಚುಕಡಿಮೆ ಅವರದೇ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ನಮ್ಮ ಪಕ್ಕದ ಕೊಂಡ್ಲಹಳ್ಳಿಯ ಮೇಷ್ಟರೊಬ್ಬರು ಟೀಚರಮ್ಮನ ಶಾಲೆಯಲ್ಲೇ ಕೆಲಸಕ್ಕಿದ್ದರು. ಅವರ ಕೈಯಲ್ಲಿ ನಮ್ಮ ಮನೆಗೆ ಒಂದು ಚೀಟಿ ಬಂತು. ದುಂಡನೆಯ ಅಕ್ಷರ. ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಆರು ಮೊಳದ ಪುಟ್ಟ ರೇಷ್ಮೆ ಸೀರೆ ಬೇಕು, ವಿಗ್ರಹಕ್ಕೆ ಉಡಿಸುವುದು, ಕೆಳಗೆ ಒಂದೇ ಅಂಚು ಸಾಕು, ತಾಯಿಗೆ ಒಪ್ಪುವ ಬಣ್ಣ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ ಎಂದು ಬರೆದಿತ್ತು. ಮೇಷ್ಟರು “ದೇವ್ರ ಸೀರೆಯಂತೆ” ಎಂದಷ್ಟೇ ಹೇಳಿ ಬಸ್ಸಿಗೆ ಓಡಿದರು.

ಹೇಳಬೇಕಾಗಿಲ್ಲ! ಆ ಒಂದು ಪದದ ಮೇಲೆ ನನಗೆ ಇವತ್ತಿಗೂ ಕೆಂಡದಂಥ ಕೋಪ. ‘ನೀಲಿ’ ಎಂಬ ಎರಡಕ್ಷರ ಬರೆದಿದ್ದರೆ ಪೆನ್ನು ಸವೆಯುತ್ತಿತ್ತೇ? ತಮ್ಮ ತಾಯಿ ಉಡುವುದು ನೀಲಿ ಎಂದು ಇಡೀ ಲೋಕಕ್ಕೆ ಗೊತ್ತು ಅಂದುಕೊಂಡಿದ್ದರು. ನಮ್ಮ ಲೋಕಕ್ಕೆ ಗೊತ್ತಿದ್ದದ್ದು ಮಾರಮ್ಮ. ಮಾರಮ್ಮ ಅಂದರೂ ಒಂದೇ, ಮಾರೆಮ್ಮ ಅಂದರೂ ಒಂದೇ, ಮಾರಿಯಮ್ಮ ಅಂದರೂ ಒಂದೇ. ಮರಿಯಮ್ಮ ಎಂಬ ಇನ್ನೊಬ್ಬ ತಾಯಿ ಇದ್ದಾಳೆಂದು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಅಪ್ಪ ಚೀಟಿಯನ್ನು ಬೆರಳಿಟ್ಟು ಓದಿ, ನಕ್ಕ.

“ಟೀಚರಮ್ಮ ಅವಸರದಾಗೆ ದೀರ್ಘ ಬಿಟ್ಟಾರೆ ನೋಡು. ದೊಡ್ಡೋರೂ ತಪ್ತಾರೆ.”

“ಮಾರೆಮ್ಮಗೆ ಹುಟ್ಟಿದಬ್ಬ ಯಾವಾಗ ಐತೆ?” ಎಂದಳು ಅವ್ವ.

“ಟೌನ್‌ನಾಗೆ ಈಗ ಎಲ್ಲಾರ್ದೂ ಮಾಡ್ತಾರೆ, ಬಿಡೇ.”

ಹೀಗೆ ಅಪ್ಪ ಒಬ್ಬ ಕನ್ನಡ ಟೀಚರ ಕಾಗುಣಿತವನ್ನು ಮನಸ್ಸಿನಲ್ಲೇ ತಿದ್ದಿದ. ಅವಮಾನ ಮಾಡಲು ಅಲ್ಲ, ಪಾಪ, ಮುಚ್ಚಿಹಾಕಲು. ಸೀರೆಯ ಒಡಲಿಗೆ ಅರಿಶಿನದ ಹಳದಿ ಎಳೆ ಹೂಡಿದ. ಅಂಚು ಕುಂಕುಮದ ಕೆಂಪು, ಅದರ ತುಂಬ ಹಸಿರು ಬೇವಿನೆಲೆ. ಹಿತ್ತಲಿನಿಂದ ಒಂದು ಕಡ್ಡಿ ಬೇವು ತಂದು ಮಗ್ಗದ ಪಕ್ಕ ನೀರಿನ ಲೋಟದಲ್ಲಿಟ್ಟು, ಎಲೆಯ ಹಲ್ಲು ಎಣಿಸಿ ಎಣಿಸಿ ನೇಯ್ದ. ಆ ಸೀರೆ ಮಗ್ಗದ ಮೇಲಿರುವಷ್ಟು ದಿನ ಮಾಂಸ ಮುಟ್ಟಲಿಲ್ಲ. ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುವುದು ನೇಕಾರರ ಅಭ್ಯಾಸ. ದೇವರ ಸೀರೆಗೆ ಎಂಜಲಾಗಬಾರದೆಂದು ಅದಕ್ಕೂ ಬ್ಲೇಡು ಇಟ್ಟುಕೊಂಡಿದ್ದ. ಅಷ್ಟು ಚೆಂದದ ಬೇವಿನೆಲೆಯನ್ನು ನಾನು ಬೇವಿನ ಮರದಲ್ಲೂ ನೋಡಿಲ್ಲ.

ಸೀರೆ ಕೊಡಲು ಅಪ್ಪನ ಜೊತೆ ನಾನೂ ಹೋಗಿದ್ದೆ. ನನಗಾಗ ಇಪ್ಪತ್ತು. ಪಂಚೆಯಲ್ಲಿ ಸುತ್ತಿದ ಸೀರೆಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಟೀಚರಮ್ಮನ ಹಜಾರದಲ್ಲಿ ಐದಾರು ಹೆಂಗಸರು ಹೂ ಕಟ್ಟುತ್ತಾ ಕೂತಿದ್ದರು. ಮೂಲೆಯ ಮೇಜಿನ ಮೇಲೆ ಬಿಳಿ ಮುಖದ, ಕೈ ಜೋಡಿಸಿದ ತಾಯಿಯ ವಿಗ್ರಹ. ಅದನ್ನು ನೋಡಿದ ಕೂಡಲೇ ಇದು ನಮ್ಮ ಮಾರಮ್ಮನಲ್ಲ ಎಂದು ನನಗೆ ಹೊಳೆಯಿತು. ಅಪ್ಪ ಮಾತ್ರ ನಗುತ್ತಲೇ ಗಂಟು ಬಿಚ್ಚಿದ.

ಸೀರೆ ಕಂಡು ಟೀಚರಮ್ಮನ ಮುಖ ಬಿಗಿಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅಪ್ಪನ ಜೇಬಿನಿಂದ ಇಣುಕುತ್ತಿದ್ದ ತಮ್ಮದೇ ಚೀಟಿಯನ್ನು ಎಳೆದು ಅವನ ಕೈಗೆ ಕೊಟ್ಟರು.

“ಓದಿ” ಅಂದರು.

ಅಪ್ಪ ಓದಿದ. ಐವತ್ತೈದು ವರ್ಷದ ಅಪ್ಪ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ತೆಲುಗಿನ ರಾಗದಲ್ಲಿ. “ಮಾ... ರಿ... ಯಮ್ಮ...” ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಇನ್ನೊಮ್ಮೆ ಓದಿ. ಅಲ್ಲಿ ದೀರ್ಘ ಇದೆಯಾ?” ಎಂದರು ಟೀಚರಮ್ಮ. ಅಪ್ಪ ಇನ್ನೊಮ್ಮೆ ಓದಿದ. ಮೂರನೇ ಸಲ ಓದಿಸಿದಾಗ ಅವನಿಗೆ ಅರ್ಥವಾಯಿತು.

“ಹ್ರಸ್ವ ದೀರ್ಘ ತಿಳಿಯದವರ ಕೈಗೆ ದೇವರ ಕೆಲಸ ಕೊಟ್ಟದ್ದು ನನ್ನದೇ ತಪ್ಪು. ಇದು ಮಾರಿಯ ಸೀರೆ. ಇದನ್ನು ನನ್ನ ತಾಯಿಗೆ ಮುಟ್ಟಿಸುವುದಿಲ್ಲ.”

ಮೈಮೇಲೆ ಬಿಸಿನೀರು ಬಿದ್ದ ಹಾಗಾಯಿತು ನನಗೆ. ಅಪ್ಪ ಸೀರೆಯನ್ನು ಮಡಿಕೆ ತಪ್ಪದಂತೆ ಮಡಚಿದ, ಪಂಚೆಯಲ್ಲಿ ಸುತ್ತಿದ. ಅಷ್ಟರಲ್ಲಿ ಯಾರೋ ಕಾಫಿ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಅದನ್ನು ಕುಡಿಯದೆ ಇಬ್ಬರೂ ಹೊರಬಿದ್ದೆವು. ಬಸ್ಸಿನಲ್ಲಿ ಅಪ್ಪ, “ಕಾಫಿ ಆರಿಹೋಗಿರ್ತೈತೆ. ಕುಡಿದು ಬರಬೇಕಿತ್ತು, ಪಾಪ, ಮಾಡಿಕೊಟ್ಟೋರಿಗೆ ಬೇಜಾರು” ಎಂದ. ನಾನು ಹಲ್ಲು ಕಚ್ಚಿ ಕಿಟಕಿಯ ಹೊರಗೆ ನೋಡುತ್ತಿದ್ದೆ. “ಅವ್ರ ತಪ್ಪಲ್ಲ ಅಮ್ಮಾಯಿ. ನಂದೂ ಅಲ್ಲ. ದೀರ್ಘದ್ದು” ಎಂದ.

ಸೀರೆಯನ್ನು ಊರ ಮಾರಮ್ಮನಿಗಾದರೂ ಉಡಿಸೋಣ ಎಂದಳು ಅವ್ವ. ಅಪ್ಪ ಒಪ್ಪಲಿಲ್ಲ. ಒಬ್ಬ ತಾಯಿ ಬ್ಯಾಡ ಅಂದಿದ್ದನ್ನ ಇನ್ನೊಬ್ಬ ತಾಯಿಗೆ ಹೆಂಗೆ ಕೊಡಾದು ಎಂದ. ಎರಡು ದೇವರ ನಡುವೆ ಸಿಕ್ಕಿಕೊಂಡ ಆ ಸೀರೆ ಪೆಟ್ಟಿಗೆ ಸೇರಿತು. ಅಪ್ಪ ಆಮೇಲೆಯೂ ವರ್ಷಗಟ್ಟಲೆ ನೇಯ್ದ, ಮಾವಿನ ಅಂಚು, ಗೋಪುರದ ಅಂಚು... ಬೇವಿನೆಲೆಯನ್ನು ಮಾತ್ರ ಮತ್ತೆ ನೇಯಲಿಲ್ಲ. ಇನ್ನೊಂದನ್ನೂ ಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದುವುದನ್ನು ಬಿಟ್ಟ. ಬಸ್ಸು ಬಂದರೆ “ಇದು ಎಲ್ಲಿಗೆ ಹೋಗ್ತೈತೆ?” ಎಂದು ಪಕ್ಕದವರನ್ನು ಕೇಳುತ್ತಿದ್ದ. ನಾನು ಕ್ಷಮಿಸದೆ ಇದ್ದದ್ದು ಅದಕ್ಕೆ. ಸೀರೆಯದಲ್ಲ ನನ್ನ ಹಗೆ, ಬೋರ್ಡಿನದು.

ಅಪ್ಪ ತೀರಿಕೊಂಡ ಮೇಲೆ ಆ ಸೀರೆಯನ್ನು ನಾನು ಕೇಳಿ ಇಸಿದುಕೊಂಡೆ. ಅಷ್ಟರಲ್ಲಿ ನಾನು ಮದುವೆಯಾಗಿ ಚಳ್ಳಕೆರೆಗೇ ಬಂದು, ಗಲ್ಲಿಯೊಂದರಲ್ಲಿ ಬ್ಲೌಸು, ಫಾಲು, ಜಿಗ್‌ಜಾಗ್ ಎಂದು ಬೋರ್ಡು ಹಾಕಿಕೊಂಡಿದ್ದೆ. ಬೋರ್ಡಿನಲ್ಲಿ ಒಂದು ಕಾಗುಣಿತವೂ ತಪ್ಪಿಲ್ಲ, ಬೇಕಾದರೆ ಬಂದು ನೋಡಿ.

ಒಂದು ಆಗಸ್ಟಿನಲ್ಲಿ ಟೀಚರಮ್ಮ ನನ್ನ ಅಂಗಡಿಗೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ದನಿ ಅದೇ. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಆಡುವ ದನಿ. ಕೈಯಲ್ಲಿ ಆರು ಮೊಳದ ನೀಲಿ ರೇಷ್ಮೆ.

“ವಿಗ್ರಹಕ್ಕೆ ಉಡಿಸುವ ಸೀರೆಯಮ್ಮ. ಫಾಲ್ ಹಾಕಿ, ನೆರಿಗೆ ಹಿಡಿದು ಹೊಲಿದು ಕೊಡಬೇಕು. ನಿನ್ನ ಊರು ಯಾವುದು?”

“ನನ್ನಿವಾಳ ರೀ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವರು ನನ್ನ ಗುರುತು ಹಿಡಿಯಲಿಲ್ಲ, ಅಥವಾ ಹಾಗೆಂದುಕೊಂಡೆ. ಅಪ್ಪನ ಸೀರೆಯನ್ನು ಹೊರತೆಗೆದು ಎದುರಿಗೆ ಹರಡಿಕೊಂಡೆ. ಅಪ್ಪನ ನೇಯ್ಗೆಗೆ ಕತ್ತರಿ ಹಾಕುವುದೆಂದರೆ... ಆದರೂ ಹಾಕಿದೆ. ಬೇವಿನೆಲೆಯ ಅಂಚಿನಿಂದ ಒಂದು ಗೇಣು ಕತ್ತರಿಸಿ, ನೀಲಿ ಸೀರೆಗೂ ಅದರ ಕೆಳಗೆ ಒಳಗಿನಿಂದ ಕೊಡುವ ಫಾಲ್ ಪಟ್ಟಿಗೂ ನಡುವೆ ಸೇರಿಸಿ, ನಾಲ್ಕು ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಟ್ಟೆ. ಸರಿಯಾಗಿ ಮುಂದುಗಡೆ, ಪಾದದ ಹತ್ತಿರ. ಮುಟ್ಟಿಸುವುದಿಲ್ಲ ಎಂದಿರಲ್ಲ? ಮುಟ್ಟಿಸಿದೆ. ನಿಮ್ಮ ಕೈಯಿಂದಲೇ ಮುಟ್ಟಿಸಿದೆ.

ಗಿರಾಕಿಯ ಬಟ್ಟೆಗೆ ಹೆಸರು ಬರೆದ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿಡುವುದು ನಮ್ಮ ಕಸುಬಿನ ಪದ್ಧತಿ. ಅದರ ಮೇಲೆ ‘ಮಾರಿಯಮ್ಮ ಸೀರೆ’ ಎಂದು ಬರೆದೆ. ದೀರ್ಘವನ್ನು ಚೆನ್ನಾಗಿ ಎಳೆದು ಬರೆದೆ. ಟೀಚರಮ್ಮ ಸೀರೆ ತೆಗೆದುಕೊಳ್ಳುವಾಗ ಚೀಟಿ ನೋಡಿದರು, ಓದಿದರು. ಕೈಚೀಲದಿಂದ ಕೆಂಪು ಪೆನ್ನು ತೆಗೆದು ದೀರ್ಘದ ಮೇಲೆ ಒಂದು ಗೀಟು ಎಳೆದರು. ಪೆನ್ನಿಗೆ ಮುಚ್ಚಳ ಹಾಕಿ ಹೊರಟುಹೋದರು.

ಆ ವರ್ಷ ಹಬ್ಬಕ್ಕೂ ಹೋದೆ, ನನ್ನ ಗೆಲುವನ್ನು ಕಣ್ಣಾರೆ ನೋಡಲು. ಊರಾಚೆಯ ಹುಲ್ಲುಗಾವಲಿನಲ್ಲಿ ಎದ್ದ ಹೊಸ ಕಟ್ಟಡಗಳಿಗೆ ಕೆಲಸಕ್ಕೆ ಬಂದ ಹೊರಗಿನವರೂ ಸೇರಿ ಹಜಾರ ತುಂಬಿತ್ತು. ಮಕ್ಕಳು ಸಾಲಾಗಿ ಬಂದು ಬುಟ್ಟಿಯಿಂದ ಸೇವಂತಿಗೆ, ಕನಕಾಂಬರ ತೆಗೆದು ತಾಯಿಯ ಪಾದಕ್ಕೆ ಎರಚುತ್ತಿದ್ದರು. ಒಂದೊಂದು ಹೂವೂ ನನ್ನ ಅಪ್ಪನ ಬೇವಿನೆಲೆಯ ಮೇಲೇ ಬೀಳುತ್ತಿತ್ತು. ಮೈ ಜುಮ್ಮೆಂದಿತು, ಭಕ್ತಿಯಿಂದಲ್ಲ. ಟೀಚರಮ್ಮ ಮಕ್ಕಳಿಗೆ ಕತೆ ಹೇಳಿದರು. ಮುದುಕ ಮುದುಕಿಗೆ ಮಕ್ಕಳಿರಲಿಲ್ಲವಂತೆ, ಜನ ಆಡಿಕೊಂಡರಂತೆ, ಕೊನೆಗೆ ಈ ಹೆಣ್ಣುಮಗು ಹುಟ್ಟಿತಂತೆ. “ಅಮ್ಮಂದಿರಿಗೂ ಹುಟ್ಟಿದ ದಿನ ಅಂತ ಒಂದಿರುತ್ತದೆ. ನಾವು ಕೇಳುವುದಿಲ್ಲ, ಅಷ್ಟೆ” ಎಂದರು. ನನ್ನ ಅವ್ವ ಹುಟ್ಟಿದ ದಿನ ಅವ್ವನಿಗೇ ಗೊತ್ತಿಲ್ಲ. ಆ ಮಾತು ಅವರ ಬಾಯಿಂದ ಬರಬಾರದಿತ್ತು. ಇನ್ನಾರಾದರೂ ಹೇಳಿದ್ದರೆ ಅತ್ತುಬಿಡುತ್ತಿದ್ದೆ. ಕೊನೆಗೆ ಶಾವಿಗೆ ಪಾಯಸ ಕೊಟ್ಟರು. ಕುಡಿದೆ, ಪಾಯಸದ ಮೇಲೆ ನನಗೇನೂ ಹಗೆಯಿಲ್ಲ.

ಹೀಗೆ ಹನ್ನೊಂದು ವರ್ಷ. “ಹುಟ್ಟುಹಬ್ಬಕ್ಕೆ ಯಾರಾದರೂ ಹಳೆ ಬಟ್ಟೆ ಉಡಿಸುತ್ತಾರಾ?” ಎಂದು ಟೀಚರಮ್ಮ ಪ್ರತಿವರ್ಷ ಹೊಸ ನೀಲಿ ಸೀರೆ ತರುತ್ತಿದ್ದರು. ನಾನು ಕಾಲು ಅಲ್ಲಾಡುವ ಸ್ಟೂಲನ್ನೇ ಅವರಿಗೆ ಎಳೆದುಕೊಡುತ್ತಿದ್ದೆ. ಊರಿನವರಿಗೆಲ್ಲ ಟೀ ತರಿಸಿದರೂ ಅವರಿಗೆ ಮಾತ್ರ ಒಂದು ಲೋಟ ನೀರೂ ಕೊಡುತ್ತಿರಲಿಲ್ಲ. ಆರಿದ ಕಾಫಿಯ ಲೆಕ್ಕ ಅದು. ಪ್ರತಿವರ್ಷ ಒಂದು ಗೇಣು ಬೇವಿನೆಲೆ ಒಳಗೆ, ಒಂದು ದೀರ್ಘ ಹೊರಗೆ. ಅವರೇ ಬಂದು ಒಯ್ದಾಗಲೆಲ್ಲ ಕೆಂಪು ಗೀಟು. ಪ್ರತಿವರ್ಷ “ನಿನ್ನ ಊರು ಯಾವುದೆಂದೆ?” ಎಂಬ ಪ್ರಶ್ನೆ, “ನನ್ನಿವಾಳ ರೀ” ಎಂಬ ಉತ್ತರ. ಮರೆವಿನ ಮುದುಕಿ ಎಂದುಕೊಂಡು ಒಳಗೊಳಗೇ ನಗುತ್ತಿದ್ದೆ.

ಆದರೆ ಸೇಡು ಎಂದರೆ ಎದುರಿನವರಿಗೆ ಗೊತ್ತಾಗಬೇಕು. ಗೊತ್ತಾಗದ ಸೇಡು ಗೋಡೆಗೆ ಬೈದಂತೆ. ಆರು ಮೊಳದ ಸೀರೆಗೆ ಹನ್ನೆರಡು ಗೇಣು ಅಂಚು. ಹನ್ನೆರಡನೆಯ ಗೇಣು ಮುಗಿದ ದಿನ ಅವರನ್ನು ಅದೇ ಹಜಾರದಲ್ಲಿ, ಅದೇ ಹೆಂಗಸರ ಎದುರು ನಿಲ್ಲಿಸಿ ಫಾಲ್ ಬಿಚ್ಚಿ ತೋರಿಸಬೇಕು. ನಿಮ್ಮ ತಾಯಿ ಹನ್ನೆರಡು ಹುಟ್ಟುಹಬ್ಬಕ್ಕೂ ನನ್ನ ಅಪ್ಪನ ನೇಯ್ಗೆಯನ್ನೇ ಉಟ್ಟಳು, ಈಗ ಓದಿ ಅನ್ನಬೇಕು. ಅವರ ಬಾಯಿಂದ ಒಂದೇ ಒಂದು ಮಾತು ಬರಬೇಕು. ನಿನ್ನ ಅಪ್ಪನ ಕೆಲಸ ಚೆನ್ನಾಗಿತ್ತು ಎಂದರೂ ಸರಿ, ನಾನು ಹಾಗೆ ಓದಿಸಬಾರದಿತ್ತು ಎಂದರೂ ಸರಿ. ಆ ಒಂದು ಮಾತಿಗೆ ನಾನು ಹನ್ನೊಂದು ವರ್ಷ ಗೇಣು ಗೇಣಾಗಿ ಕಾದೆ.

ಹೋದ ವರ್ಷ ಅವರು ಬಂದಾಗ ತುಂಬ ಸೋತಿದ್ದರು. ಅಣ್ಣನ ಮಗಳು ಕೈ ಹಿಡಿದು ಕರೆತಂದಿದ್ದಳು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರೇ ಮಂಜು. ಸ್ಟೂಲಿನ ಮೇಲೆ ಕೂತು ಮತ್ತೆ ಅದೇ ಪ್ರಶ್ನೆ ಕೇಳಿದರು. ನನಗೆ ಏನನ್ನಿಸಿತೋ, “ಮೊಳಕಾಲ್ಮೂರು ರೀ” ಎಂದುಬಿಟ್ಟೆ. ಅವರ ಮುಖವನ್ನೇ ನೋಡಿದೆ. ಏನೂ ಆಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಅಲ್ಲಿ ಒಳ್ಳೆಯ ನೇಕಾರರಿದ್ದಾರೆ” ಎಂದರು. ಇದ್ದಾರಂತೆ! ಇದ್ದರು ಅನ್ನಿ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಇನ್ನೊಂದೇ ವರ್ಷ, ಇನ್ನೊಂದೇ ಗೇಣು ಎಂದುಕೊಂಡೆ. ಹೊಲಿದ ಸೀರೆಯನ್ನು ಆ ಹುಡುಗಿಯೇ ಬಂದು ಒಯ್ದಳು.

ಬೇಸಿಗೆಯಲ್ಲಿ ಸುದ್ದಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲ್ಲರೂ ಅತ್ತರಂತೆ. ನನಗೆ ಮೋಸ ಹೋದ ಹಾಗಾಗಿತ್ತು.

ಮೊನ್ನೆ ಆ ಅಣ್ಣನ ಮಗಳು ಒಂದು ತಗಡಿನ ಪೆಟ್ಟಿಗೆ ಹೊತ್ತು ತಂದಳು. “ಆಂಟಿ, ಈ ಸಲ ಹೊಸ ಸೀರೆ ತರೋಕೆ ಆಗ್ಲಿಲ್ಲ. ಇದ್ರಲ್ಲಿ ಎಲ್ಲಾ ಹಳೇವಿದಾವೆ. ಚೆನ್ನಾಗಿರೋದು ಒಂದು ನೋಡಿ ಇಸ್ತ್ರಿ ಮಾಡಿಕೊಡಿ” ಎಂದಳು. ಹನ್ನೊಂದೂ ಇದ್ದವು. ಒಂದೊಂದರಲ್ಲೂ ನಾನು ಚುಚ್ಚಿದ ಚೀಟಿ ಹಾಗೇ ಇತ್ತು. ಹೋದ ವರ್ಷದ್ದನ್ನೇ ಆರಿಸಿಕೊಂಡೆ. ಅದರ ಪಾದದ ಹತ್ತಿರ ಮೇಣ ಬಿದ್ದಿತ್ತು. ಹಾಳೆ ಇಟ್ಟು ಒತ್ತಿದೆ, ವಾಸನೆ ಎದ್ದಿತು, ಬಾಗಿಲ ಕಡೆ ನೋಡಿದೆ. ಅದನ್ನು ಆಗಲೇ ಹೇಳಿದೆನಲ್ಲ. ಮೇಣ ಫಾಲಿನ ಒಳಗೂ ಇಳಿದಿತ್ತು. ಬಿಚ್ಚಬೇಕಾಯಿತು.

ಬಿಚ್ಚಲು ಹೋದರೆ ಹೊಲಿಗೆ ನನ್ನದಲ್ಲ.

ನಾನು ನೀಲಿ ದಾರದಲ್ಲಿ ಹೊಲಿದಿದ್ದೆ. ಇದು ಬಿಳಿ ದಾರ. ಒಳಗೆ ಅಪ್ಪನ ಗೇಣಂಚು ಇತ್ತು, ಆದರೆ ನಾನು ಇಟ್ಟ ಹಾಗಿರಲಿಲ್ಲ. ಹಗೆಯ ಅವಸರದಲ್ಲಿ ನಾನು ಕತ್ತರಿಸಿದ ತುದಿಗಳನ್ನು ಮಡಚಿರಲಿಲ್ಲ. ರೇಷ್ಮೆಯ ಎಳೆ ಕಿತ್ತುಹೋಗುತ್ತದೆ ಎಂದು ದರ್ಜಿಯಾದ ನನಗೇ ತೋಚಿರಲಿಲ್ಲ. ಯಾರೋ ಎರಡೂ ತುದಿಯನ್ನು ಒಳಕ್ಕೆ ಮಡಚಿ, ಒಂದೇ ಒಂದು ಎಳೆ ಬಿಡದಂತೆ ಸುತ್ತಲೂ ಹೊಲಿದಿದ್ದರು. ಆ ಹೊಲಿಗೆ ಸೊಟ್ಟಸೊಟ್ಟವಾಗಿತ್ತು, ಕಣ್ಣು ಕಾಣದವರು ಹೊಲಿದಂತೆ. ಗಾಬರಿಯಿಂದ ಅದರ ಹಿಂದಿನ ವರ್ಷದ್ದನ್ನು ಬಿಚ್ಚಿದೆ. ಅಲ್ಲೂ ಬಿಳಿ ದಾರ, ಸ್ವಲ್ಪ ನೇರ. ಅದರ ಹಿಂದಿನದು... ಮೊದಲ ವರ್ಷದ್ದನ್ನು ಬಿಚ್ಚಿದಾಗ ಹೊಲಿಗೆ ಕಾಪಿ ಪುಸ್ತಕದ ಅಕ್ಷರದಷ್ಟು ನೇರವಾಗಿತ್ತು.

ಮೊದಲ ವರ್ಷದಿಂದಲೇ ಗೊತ್ತಿತ್ತು! ನಾನು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದ್ದರು. ನನ್ನಿವಾಳ ನನ್ನಿವಾಳ ಎಂದು ನಾನು ಒದರುವಾಗ, ಅಲ್ಲಾಡುವ ಸ್ಟೂಲಿನ ಮೇಲೆ ಕೂತು ಈ ಹೆಂಗಸು ಎಲ್ಲವನ್ನೂ ತಿಳಿದು ಸುಮ್ಮನಿದ್ದಳು. ನೋಡಿ, ಬಹುವಚನ ಜಾರಿತು. ಜಾರಲಿ. ಮರೆವಿನ ಮುದುಕಿ ಎಂದುಕೊಂಡಿದ್ದೆ, ಏನೂ ಮರೆತಿರಲಿಲ್ಲ ಅವಳು. ವರ್ಷ ವರ್ಷ ಊರು ಕೇಳಿದ್ದು ನಾನು ಹೇಳಲಿ ಎಂದೇ? ಹಾಗಿದ್ದರೆ ತಾನೇ ಹೇಳಬಹುದಿತ್ತಲ್ಲ? ಅಪ್ಪನ ಬೇವಿನೆಲೆಯನ್ನು ಬಿಚ್ಚಿ ಬಿಸಾಡಿದ್ದರೆ ನನಗೆ ಜಗಳಕ್ಕೆ ಒಂದು ದಾರಿಯಾದರೂ ಇರುತ್ತಿತ್ತು. ಎಳೆ ಬಿಡದಂತೆ ಹೊಲಿದಿಟ್ಟವರ ಜೊತೆ ಹೇಗೆ ಜಗಳ ಆಡುವುದು? ನನ್ನ ಸೇಡನ್ನೂ ತನ್ನ ಪೆಟ್ಟಿಗೆಯಲ್ಲಿ ಮಡಿಕೆ ಹಾಕಿ ಇಟ್ಟುಕೊಂಡು ಹೋಗಿಬಿಟ್ಟಳು.

ಸಿಟ್ಟಿನಲ್ಲಿ ಚೀಟಿಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಹಾಕಿದೆ. ಹತ್ತು ಚೀಟಿಯ ದೀರ್ಘದ ಮೇಲೆ ಕೆಂಪು ಗೀಟು. ಹೋದ ವರ್ಷದ ಚೀಟಿಯ ಮೇಲೆ ಏನೂ ಇಲ್ಲ. ‘ಮಾರಿಯಮ್ಮ ಸೀರೆ’, ನಾನು ಬರೆದ ಹಾಗೇ, ದೀರ್ಘದ ಸಮೇತ.

ಜೀವಮಾನವಿಡೀ ಒಂದು ತಪ್ಪು ಅಕ್ಷರವನ್ನೂ ಬಿಟ್ಟವರಲ್ಲ. ಕಣ್ಣು ಮಂಜಾಗಿ ಕಾಣಲಿಲ್ಲವೋ, ಕಂಡೂ ಬಿಟ್ಟರೋ? ಅದು ಅವರು ಹೇಳಬೇಕಾಗಿದ್ದ ಮಾತೋ, ಬರೀ ಪೊರೆಯೋ? ಹುಡುಗಿಯನ್ನು ಕೇಳಿದೆ. “ಅತ್ತೆಗೆ ಕೊನೆಗೆ ಏನೂ ಕಾಣ್ತಿರ್ಲಿಲ್ಲ ಆಂಟಿ. ಸೂಜಿಗೆ ದಾರ ನಾನೇ ಪೋಣಿಸಿ ಕೊಡ್ತಿದ್ದೆ. ಚೀಟಿಯೆಲ್ಲಾ ನನ್ ಕೈಲಿ ಓದಿಸ್ತಿದ್ರು” ಎಂದಳು. ಓದಿಸುತ್ತಿದ್ದರಂತೆ. ನೀನು ಅದನ್ನು ಮರಿಯಮ್ಮ ಎಂದು ಓದಿದೆಯಾ, ಮಾರಿಯಮ್ಮ ಎಂದು ಓದಿದೆಯಾ ಎಂದು ಕೇಳಿದರೆ ಅವಳಿಗೆ ನೆನಪಿಲ್ಲ. ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಒಂದು ಮಾತು. ಬಾಯಿಂದ ಒಂದೇ ಒಂದು ಮಾತು ಬಂದಿದ್ದರೆ ಅವತ್ತು ಮಣ್ಣಿಗೆ ಹೋಗಿ ನಾನೂ ಒಂದು ಹಿಡಿ ಹಾಕಿ ಬರುತ್ತಿದ್ದೆ. ಈಗ ಬೈಯಲೂ ಯಾರೂ ಇಲ್ಲ, ಒಪ್ಪಿಕೊಳ್ಳಲೂ ಯಾರೂ ಇಲ್ಲ. ಅಪ್ಪನ ನೇಯ್ಗೆಯನ್ನು ಇಷ್ಟು ವರ್ಷ ಕಾಪಾಡಿದವರು ಲೋಕದಲ್ಲಿ ಇಬ್ಬರೇ, ನಾನು ಮತ್ತು ಅವರು. ಅದರಲ್ಲಿ ಚೆನ್ನಾಗಿ ಕಾಪಾಡಿದ್ದು ಅವರು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಉಳಿದಿದ್ದ ಹನ್ನೆರಡನೆಯ ಗೇಣನ್ನು ನಿನ್ನೆ ಹೊಲಿದೆ. ಈ ಸಲ ಒಳಗಲ್ಲ, ಹೊರಗೆ. ನೀಲಿ ಸೀರೆಯ ಮುಂದುಗಡೆ, ನಾಲ್ಕು ಜನರಿಗೆ ಕಾಣುವಂತೆ. ತುದಿಗಳನ್ನು ಒಳಕ್ಕೆ ಮಡಚಿ, ಬಿಳಿ ದಾರದಲ್ಲಿ, ಅವರು ಹೊಲಿದ ಹಾಗೇ ಹೊಲಿದೆ. ಬೇಕೆಂದೇನಲ್ಲ, ಸರಿಯಾದ ಹೊಲಿಗೆ ಅದೊಂದೇ. ಚೀಟಿಯನ್ನೂ ಬರೆದು ಚುಚ್ಚಿದೆ. ಮಾರಿಯಮ್ಮ ಸೀರೆ. ದೀರ್ಘವನ್ನು ಎಂದಿಗಿಂತ ಉದ್ದ ಎಳೆದೆ.

ಇವತ್ತು ಹುಡುಗಿ ಬಂದು ಸೀರೆ ಬಿಡಿಸಿ ನೋಡಿದಳು.

“ಅಯ್ಯೋ, ಎಷ್ಟು ಚೆನ್ನಾಗಿದೆ ಆಂಟಿ ಈ ಎಲೆ! ಯಾರು ನೇಯ್ದಿದ್ದು?”

“ನಮ್ಮಪ್ಪ” ಎಂದೆ.

ಅವಳು ಚೀಟಿ ತಿರುಗಿಸಿ ಗಟ್ಟಿಯಾಗಿ ಓದಿದಳು. “ಮರಿಯಮ್ಮ ಸೀರೆ.” ದೀರ್ಘ ಕಣ್ಣೆದುರಿಗೇ ಇತ್ತು, ಅವಳಿಗೆ ಕಾಣಲಿಲ್ಲ. ತನ್ನ ತಾಯಿಯ ಹೆಸರನ್ನೇ ಓದಿಕೊಂಡಳು. ಅಪ್ಪ ಅವತ್ತು ಮಾಡಿದ್ದೂ ಅಷ್ಟೇ.

ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟುಹೋದಳು. ನಾನು ಕಾಲು ಅಲ್ಲಾಡುವ ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದಿಟ್ಟು, ಪಕ್ಕದ ಅಂಗಡಿಯಿಂದ ಎರಡು ಕಾಫಿ ತರಿಸಿದೆ. ನನ್ನದನ್ನು ಕುಡಿದೆ. ಇನ್ನೊಂದು ಆರುವವರೆಗೂ ಕಾದೆ. ದೀರ್ಘ ತಿದ್ದಲು ಯಾರೂ ಬರಲಿಲ್ಲ.